ಬಿಸಿನೀರಿನ ಬೂಸ್ಟರ್ ಪಂಪ್: ಅಳವಡಿಕೆ ಮತ್ತು ವಾರಂಟಿ

ಸೋಲಾರ್ ಟ್ಯಾಂಕ್ ಅಥವಾ ಗೀಸರಿನಿಂದ ನಲ್ಲಿ, ಶವರ್‌ಗಳಿಗೆ ಹೋಗುವ ಬಿಸಿನೀರಿನ ಒತ್ತಡ ಹೆಚ್ಚಿಸಲು ಪೈಪ್‌ಲೈನಿನಲ್ಲಿ ಕೂರಿಸುವ ಸಣ್ಣ ವಿದ್ಯುತ್ ಪಂಪಿಗೆ ಬಿಸಿನೀರಿನ ಬೂಸ್ಟರ್ ಪಂಪ್ ಎಂದು ಹೆಸರು. ಅಂಗಡಿಯವರೂ ಪ್ಲಂಬರುಗಳೂ ಇದನ್ನು ಪ್ರೆಶರ್ ಪಂಪ್ ಎನ್ನುತ್ತಾರೆ. ನೋಡಲು ಚಿಕ್ಕದು, ಮನೆ ಕಟ್ಟುವ ಖರ್ಚಿನ ಮುಂದೆ ಇದರ ಬೆಲೆಯೂ ದೊಡ್ಡದಲ್ಲ. ಆದರೂ ಇದು ತಕರಾರಿಗೆ ಸುಲಭವಾಗಿ ಎಡೆಮಾಡುವ ಉಪಕರಣ, ಏಕೆಂದರೆ ಇದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಹಿಂದೆ ಸೋಲಾರ್ ಟ್ಯಾಂಕು, ಮುಂದೆ ಪೈಪು ಮತ್ತು ಮಿಕ್ಸರುಗಳು, ಪಕ್ಕದಲ್ಲಿ ತಣ್ಣೀರಿನ ಲೈನು. ಒಂದೊಂದೂ ಬೇರೆ ಬೇರೆ ಕಂಪನಿಯದು, ಒಂದೊಂದಕ್ಕೂ ಪ್ರತ್ಯೇಕ ವಾರಂಟಿ. ಯಾವುದೇ ಒಂದು ಕೆಟ್ಟಾಗ ತಪ್ಪು ಇನ್ನೊಂದರದೆಂದು ಹೇಳಿ ಜಾರಿಕೊಳ್ಳಲು ಎಲ್ಲರಿಗೂ ದಾರಿಯಿದೆ. ಈ ಪಂಪಿನ ವಾರಂಟಿ ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದನ್ನು ಕೂರಿಸಿದ ದಿನವೇ ತೀರ್ಮಾನವಾಗಿರುತ್ತದೆ ಎಂಬುದು ಈ ಲೇಖನದ ಮುಖ್ಯ ವಾದ. ವಾರಂಟಿ ಪತ್ರದ ಷರತ್ತುಗಳಲ್ಲಿ ಕೆಲವು ನೀರು, ಶಾಖ, ಒತ್ತಡಗಳ ನಿಯಮಗಳಿಂದ ಹುಟ್ಟಿದವು. ಅವನ್ನು ಮೀರಿದರೆ ಪಂಪೇ ಉಳಿಯದು. ಉಳಿದವು ಕಂಪನಿಯ ವ್ಯಾಪಾರದ ಅನುಕೂಲಕ್ಕೆ ಬರೆದವು. ಅವನ್ನು ಗ್ರಾಹಕರು ಪ್ರಶ್ನಿಸಬಹುದು. ಎರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿತವರಿಗೆ ಅಳವಡಿಕೆಯೂ ಸರಿಯಾಗುತ್ತದೆ, ನ್ಯಾಯ ಕೇಳುವ ಬಲವೂ ಬರುತ್ತದೆ.

ಹಿನ್ನೆಲೆ

ಹಂಡೆಯಲ್ಲಿ ನೀರು ಕಾಯಿಸಿ, ಬಕೆಟ್ಟಿಗೆ ತೋಡಿ, ಚೊಂಬಿನಿಂದ ಮೈಮೇಲೆ ಸುರಿದುಕೊಳ್ಳುವ ಬಚ್ಚಲುಮನೆಗೆ ಒತ್ತಡದ ಪ್ರಶ್ನೆಯೇ ಇರಲಿಲ್ಲ. ತಾರಸಿಯ ಮೇಲೆ ಓವರ್‌ಹೆಡ್ ಟ್ಯಾಂಕು, ಗೋಡೆಯಲ್ಲಿ ನಲ್ಲಿ ಬಂದ ಮೇಲೂ ಬಕೆಟ್ ತುಂಬಿದರೆ ಸಾಕಿತ್ತು. ಕರ್ನಾಟಕದಲ್ಲಿ ಈ ಚಿತ್ರ ಬದಲಾದದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಸೋಲಾರ್ ವಾಟರ್ ಹೀಟರುಗಳ ಹರಡುವಿಕೆ. ಬೆಳಗಿನ ಹೊತ್ತು ಎಲ್ಲ ಮನೆಗಳಲ್ಲೂ ಗೀಸರುಗಳು ಒಟ್ಟಿಗೆ ಉರಿದು ವಿದ್ಯುತ್ ಜಾಲದ ಮೇಲೆ ಬೀಳುವ ಹೊರೆ ಇಳಿಸಲು ರಾಜ್ಯವು ಸೋಲಾರ್ ಹೀಟರುಗಳಿಗೆ ಉತ್ತೇಜನ ಕೊಟ್ಟಿತು. ಅವನ್ನು ಹಾಕಿಸಿಕೊಂಡ ಮನೆಗಳಿಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯ ರಿಯಾಯಿತಿ ಬಹುಕಾಲ ಜಾರಿಯಲ್ಲಿತ್ತು. ಬೆಂಗಳೂರಿನಲ್ಲಿ ನಿಗದಿತ ವಿಸ್ತೀರ್ಣ ಮೀರಿದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವೂ ಆಯಿತು. ಎರಡನೆಯದು ಸ್ನಾನಗೃಹದ ಫಿಟ್ಟಿಂಗುಗಳ ಬದಲಾವಣೆ. ಒಂದೇ ಹಿಡಿಯ ಡೈವರ್ಟರ್, ಅಗಲವಾದ ರೇನ್ ಶವರ್, ಬಿಸಿ ತಣ್ಣೀರನ್ನು ತಾನೇ ಹದಗೊಳಿಸುವ ಥರ್ಮೋಸ್ಟಾಟಿಕ್ ಮಿಕ್ಸರ್ ಇವೆಲ್ಲ ಹೆಚ್ಚು ಒತ್ತಡದ ನೀರನ್ನು ಲೆಕ್ಕವಿಟ್ಟು ರೂಪಿಸಿದ ಸಾಮಾನುಗಳು. ತಾರಸಿಯ ಟ್ಯಾಂಕಿನಿಂದ ತನ್ನ ಭಾರದಿಂದಲೇ ಇಳಿಯುವ ನೀರು, ಒತ್ತಡ ಕೇಳುವ ಶವರ್: ಇವೆರಡರ ನಡುವಿನ ಕೊರತೆ ತುಂಬಲು ಬೂಸ್ಟರ್ ಪಂಪ್ ಬಂತು.

ಒತ್ತಡದ ಲೆಕ್ಕ

ನಿಂತ ನೀರಿನ ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್. ಪೈಪಿನ ತಿರುವು, ವಾಲ್ವು, ಮಿಕ್ಸರುಗಳಲ್ಲಿ ಅದರ ಒಂದು ಭಾಗ ಸೋರಿಹೋಗುತ್ತದೆ. ಆದ್ದರಿಂದಲೇ ಮೂರಂತಸ್ತಿನ ಮನೆಯ ನೆಲಮಹಡಿಯಲ್ಲಿ ಶವರ್ ಚೆನ್ನಾಗಿ ಬರುತ್ತದೆ, ಮೇಲಿನ ಮಹಡಿಯಲ್ಲಿ ನೂಲಿನಂತೆ ಇಳಿಯುತ್ತದೆ. ಕೊರತೆ ತುಂಬಲು ಎಷ್ಟು ಶಕ್ತಿ ಬೇಕೆಂಬುದನ್ನು ಲೆಕ್ಕ ಹಾಕಿದರೆ ಅಚ್ಚರಿಯಾಗುವಷ್ಟು ಕಡಿಮೆ. ನಿಮಿಷಕ್ಕೆ 20 ಲೀಟರ್ ನೀರಿಗೆ ಹತ್ತು ಮೀಟರಿನಷ್ಟು ಒತ್ತಡ ಕೂಡಿಸಲು ನೀರಿಗೆ ತಲುಪಬೇಕಾದ ಶಕ್ತಿ ಸುಮಾರು 33 ವಾಟ್. ಸಣ್ಣ ಪಂಪಿನ ದಕ್ಷತೆ ಎಷ್ಟೇ ಕಡಿಮೆಯೆಂದು ಹಿಡಿದರೂ ಒಂದೆರಡು ಬಚ್ಚಲುಮನೆಗೆ 100ರಿಂದ 250 ವಾಟಿನ ಪಂಪು ಧಾರಾಳ. ಹಾಗಿದ್ದೂ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಅರ್ಧ ಅಥವಾ ಒಂದು ಅಶ್ವಶಕ್ತಿಯ ಮೋಟಾರನ್ನೇ ಬಿಸಿನೀರಿನ ಲೈನಿಗೆ ಕಟ್ಟುವುದುಂಟು. ದೊಡ್ಡ ಪಂಪಿನಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ನಿಮಿಷಕ್ಕೆ ಆರು ಲೀಟರಿನಂತೆ ಬಳಸಿದರೆ 200 ಲೀಟರಿನ ಸೋಲಾರ್ ಟ್ಯಾಂಕು ಅರ್ಧ ಗಂಟೆಗಿಂತ ಹೆಚ್ಚು ಬರುತ್ತದೆ. 20 ಲೀಟರಿನಂತೆ ಎಳೆದರೆ ಹತ್ತೇ ನಿಮಿಷಕ್ಕೆ ಖಾಲಿ. ಆಮೇಲೆ ಬರುವ ದೂರು ಸೋಲಾರ್ ನೀರು ಕಾಯುತ್ತಿಲ್ಲ ಎಂದು, ಹೋಗುವುದು ಸೋಲಾರ್ ಕಂಪನಿಗೆ.

ಪಂಪು ಬೇಕೇ ಎಂಬುದನ್ನು ಮೊದಲು ಬಕೆಟ್ ಹಿಡಿದು ಅಳೆಯಬೇಕು. ಹತ್ತು ಲೀಟರಿನ ಬಕೆಟ್ ತಣ್ಣೀರಿನಲ್ಲಿ ಎಷ್ಟು ಹೊತ್ತಿಗೆ ತುಂಬುತ್ತದೆ, ಬಿಸಿನೀರಿನಲ್ಲಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಒಂದೇ ನಲ್ಲಿಯಲ್ಲಿ ಬೇರೆಬೇರೆಯಾಗಿ ನೋಡಬೇಕು. ಎರಡೂ ಒಂದೇ ಟ್ಯಾಂಕಿನಿಂದ ಬಂದು ಎರಡೂ ನಿಧಾನವಾಗಿದ್ದರೆ ಕೊರತೆ ಒತ್ತಡದ್ದು. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸೊರಗಿದ್ದರೆ ಅದು ಒತ್ತಡದ ಸಮಸ್ಯೆಯಲ್ಲ: ಲೈನಿನಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು, ಅರ್ಧ ಮುಚ್ಚಿದ ವಾಲ್ವ್ ಇರಬೇಕು, ಇಲ್ಲವೆ ಬೋರ್‌ವೆಲ್ ನೀರಿನ ಸುಣ್ಣ ಪೈಪಿನೊಳಗೆ ಕಟ್ಟಿಕೊಂಡಿರಬೇಕು. ಇಂಥ ಕಡೆ ಪಂಪು ಕೂರಿಸಿದರೆ ರೋಗ ವಾಸಿಯಾಗದು. ನೀರು ಸಾಕಷ್ಟು ಬಾರದ ಪೈಪಿನಿಂದ ಪಂಪು ಗಾಳಿಯನ್ನು ಎಳೆದುಕೊಂಡು ಸದ್ದು ಮಾಡುತ್ತದೆ, ಅದರ ಸೀಲು ಬೇಗ ಸವೆಯುತ್ತದೆ, ಕೊನೆಗೆ ಅದೂ ವಾರಂಟಿಯ ಜಗಳಕ್ಕೆ ಸೇರುತ್ತದೆ.

ಬಿಸಿನೀರು ಒಡ್ಡುವ ಪರೀಕ್ಷೆ

ಮನೆಬಳಕೆಯ ಪಂಪುಗಳಿಗೆ ಅನ್ವಯಿಸುವ ಭಾರತೀಯ ಮಾನಕಗಳಲ್ಲಿ ಐಎಸ್ 8472 ರಿಜನರೇಟಿವ್ ಪಂಪುಗಳಿಗೆ, ಐಎಸ್ 9079 ಮೋನೊಸೆಟ್ ಪಂಪುಗಳಿಗೆ ಸಂಬಂಧಿಸಿದ್ದು. ಎರಡರ ಶೀರ್ಷಿಕೆಯಲ್ಲೂ ತಿಳಿಯಾದ ತಣ್ಣೀರಿಗೆ ಎಂಬ ಮಿತಿ ಸೇರಿದೆ. ಅಂದರೆ ಪೆಟ್ಟಿಗೆಯ ಮೇಲಿನ ಐಎಸ್‌ಐ ಗುರುತು ಪಂಪು ಒಳ್ಳೆಯದೆಂಬುದಕ್ಕೆ ಸಾಕ್ಷಿಯಾದರೂ ಅದು ಬಿಸಿನೀರಿಗೆ ಒಗ್ಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಇದನ್ನು ತಿಳಿಯಲು ನೋಡಬೇಕಾದದ್ದು ಪಂಪಿನ ಮೈಗೆ ಅಂಟಿಸಿದ ನೇಮ್‌ಪ್ಲೇಟನ್ನು. ಅಂಗೈಯಷ್ಟೂ ಇಲ್ಲದ ಆ ತಗಡಿನಲ್ಲಿ ಹೆಚ್ ಮ್ಯಾಕ್ಸ್ ಎಂದರೆ ಪಂಪು ಎತ್ತಬಲ್ಲ ಗರಿಷ್ಠ ಎತ್ತರ, ಕ್ಯೂ ಮ್ಯಾಕ್ಸ್ ಎಂದರೆ ಗರಿಷ್ಠ ಹರಿವು, ಟಿ ಮ್ಯಾಕ್ಸ್ ಎಂದರೆ ಒಳಗೆ ಹಾಯಬಹುದಾದ ನೀರಿನ ಗರಿಷ್ಠ ಉಷ್ಣತೆ. ಅಂಗಡಿಯಲ್ಲಿ ಮೊದಲೆರಡನ್ನು ಎಲ್ಲರೂ ಕೇಳುತ್ತಾರೆ, ಮೂರನೆಯದನ್ನು ಕೇಳುವವರು ಕಡಿಮೆ. ಬಿಸಿನೀರಿನ ಲೈನಿಗೆ ಮಾತ್ರ ಮೂರನೆಯದೇ ಮುಖ್ಯ. ಸಾಮಾನ್ಯ ಪಂಪುಗಳಲ್ಲಿ ಆ ಅಂಕಿ ಹೆಚ್ಚಾಗಿ 35 ಅಥವಾ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬಿಸಿನೀರಿಗೆಂದೇ ಮಾಡಿದ ಪಂಪುಗಳಲ್ಲೂ ಮಿತಿ ಒಂದೇ ಅಲ್ಲ. ಕೆಲವಕ್ಕೆ 60, ಕೆಲವಕ್ಕೆ 80, ಇನ್ನು ಕೆಲವಕ್ಕೆ ಅದಕ್ಕೂ ಹೆಚ್ಚು.

60 ಡಿಗ್ರಿಯ ಪಂಪು ಸೋಲಾರಿಗೆ ಸಾಲದೇ ಎಂದು ಕೇಳಬಹುದು. ಗೀಸರಿನಲ್ಲಿ ಥರ್ಮೋಸ್ಟಾಟ್ ಇರುತ್ತದೆ, ನೀರು ನಿಗದಿತ ಉಷ್ಣತೆಗೆ ನಿಲ್ಲುತ್ತದೆ. ಸೋಲಾರಿಗೆ ಅಂಥ ಕಡಿವಾಣವಿಲ್ಲ. ಮನೆಯವರು ಊರಿಗೆ ಹೋಗಿ ಎರಡು ಮೂರು ದಿನ ನೀರು ಬಳಸದಿದ್ದರೆ, ಅದೂ ಏಪ್ರಿಲ್ ಬಿಸಿಲಿನಲ್ಲಿ, ಗಾಜಿನ ಟ್ಯೂಬುಗಳ ಹೀಟರಿನಲ್ಲಿ ನೀರು 80 ಡಿಗ್ರಿ ದಾಟುವುದು ಅಸಾಮಾನ್ಯವಲ್ಲ. ವಾಪಸ್ ಬಂದು ನಲ್ಲಿ ತಿರುಗಿಸಿದ ಕೂಡಲೇ ಆ ನೀರೆಲ್ಲ ಪಂಪಿನ ಮೂಲಕ ಹಾಯುತ್ತದೆ. ತಣ್ಣೀರಿಗೆ ಮಾಡಿದ ರಬ್ಬರ್ ರಿಂಗು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಇಂಪೆಲ್ಲರ್ ಆಕಾರ ಕಳೆದುಕೊಳ್ಳುತ್ತದೆ, ಸೀಲಿನಿಂದ ನೀರು ಮೋಟಾರಿಗೆ ಇಳಿಯುತ್ತದೆ. ಇದರ ಜತೆಗೆ ನೀರಿನ ಆವಿಯ ಒತ್ತಡದ ಪ್ರಶ್ನೆಯಿದೆ. 20 ಡಿಗ್ರಿಯಲ್ಲಿ ಅದು ಸುಮಾರು 2.3 ಕಿಲೊಪಾಸ್ಕಲ್, 80 ಡಿಗ್ರಿಯಲ್ಲಿ ಸುಮಾರು 47. ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಬೆಂಗಳೂರಿನಲ್ಲಿ ವಾತಾವರಣದ ಒತ್ತಡವೇ ಸುಮಾರು 91 ಕಿಲೊಪಾಸ್ಕಲ್. ಪಂಪಿನ ಬಾಯಲ್ಲಿ ಒತ್ತಡ ಸ್ವಲ್ಪ ಕುಸಿದರೂ ಕಾದ ನೀರು ಅಲ್ಲೇ ಗುಳ್ಳೆಗಟ್ಟುತ್ತದೆ. ಆ ಗುಳ್ಳೆಗಳು ಒಡೆಯುವಾಗ ಜಲ್ಲಿಕಲ್ಲು ಉರುಳಿದಂತೆ ಸದ್ದಾಗಿ ಇಂಪೆಲ್ಲರ್ ಕೊರೆದುಹೋಗುತ್ತದೆ. ಆದ್ದರಿಂದ ಪಂಪನ್ನು ಸೋಲಾರ್ ಟ್ಯಾಂಕಿನ ತಳಕ್ಕಿಂತ ಕೆಳಗೆ, ಟ್ಯಾಂಕಿಗೆ ಆದಷ್ಟು ಹತ್ತಿರದಲ್ಲಿ, ಸಣ್ಣದಾಗದ ಪೈಪಿನಿಂದ ಜೋಡಿಸಬೇಕು. ಕಂಪನಿಗಳು ಹೀರುವ ಬದಿಯ ಪೈಪಿನ ಅಳತೆಯನ್ನು ಷರತ್ತಾಗಿ ಬರೆಯುವುದರ ಹಿಂದೆ ಇರುವುದು ಈ ಭೌತಶಾಸ್ತ್ರವೇ.

ಅಳವಡಿಕೆ

ಕರ್ನಾಟಕದ ಮನೆಗಳಲ್ಲಿ ಕಾಣುವ ಬಹುತೇಕ ಸೋಲಾರ್ ಟ್ಯಾಂಕುಗಳು ಒತ್ತಡ ತಡೆಯಲೆಂದು ಮಾಡಿದವಲ್ಲ. ಪಕ್ಕದ ಓವರ್‌ಹೆಡ್ ಟ್ಯಾಂಕಿನಿಂದ ತಾನಾಗಿ ಬರುವ ನೀರಿನ ಕೆಲವು ಅಡಿ ಒತ್ತಡವಷ್ಟೇ ಅವಕ್ಕೆ ಸಹ್ಯ. ಟ್ಯಾಂಕಿನಿಂದ ಮೇಲಕ್ಕೆ ನಿಂತಿರುವ ಏರ್ ವೆಂಟ್ ಪೈಪು ಆವಿಯನ್ನೂ ಗಾಳಿಯನ್ನೂ ಹೊರಬಿಟ್ಟು, ಬೇಕಾದಾಗ ಒಳಗೂ ಬಿಟ್ಟು ಟ್ಯಾಂಕನ್ನು ಕಾಪಾಡುತ್ತದೆ. ಇದರಿಂದ ಮೊದಲ ನಿಯಮ ಹುಟ್ಟುತ್ತದೆ: ಇಂಥ ವ್ಯವಸ್ಥೆಯಲ್ಲಿ ಪಂಪು ಸೋಲಾರ್ ಟ್ಯಾಂಕಿನ ಬಿಸಿನೀರು ಹೊರಬರುವ ಬದಿಯಲ್ಲಿರಬೇಕು, ತಣ್ಣೀರು ಒಳಹೋಗುವ ಬದಿಯಲ್ಲಿ ಕೂಡದು. ಒಳಹೋಗುವ ಬದಿಯಲ್ಲಿ ಕೂರಿಸಿದರೆ ಪಂಪಿನ ಒತ್ತಡವೆಲ್ಲ ತೆಳ್ಳನೆಯ ಟ್ಯಾಂಕಿನ ಮೇಲೆ ಬಿದ್ದು ವೆಂಟ್ ಪೈಪಿನಿಂದ ನೀರು ಚಿಮ್ಮುತ್ತದೆ, ಟ್ಯಾಂಕಿನ ಬೆಸುಗೆಯೂ ಬಿಡಬಹುದು. ಹೊರಬರುವ ಬದಿಯಲ್ಲಿ ಕೂರಿಸಿದಾಗ ಅಪಾಯ ಇದಕ್ಕೆ ತದ್ವಿರುದ್ಧ. ವೆಂಟ್ ಪೈಪನ್ನು ಯಾರಾದರೂ ಮುಚ್ಚಿದ್ದರೆ, ಇಲ್ಲವೆ ಅದರೊಳಗೆ ಸುಣ್ಣ ಕಟ್ಟಿದ್ದರೆ, ಪಂಪು ಎಳೆಯುವ ರಭಸಕ್ಕೆ ಒಳಗೆ ನಿರ್ವಾತ ಉಂಟಾಗಿ ಟ್ಯಾಂಕಿನ ಒಳಪದರ ಒಳಕ್ಕೆ ಕುಗ್ಗುತ್ತದೆ. ಎರಡೂ ಸಂದರ್ಭಗಳಲ್ಲಿ ಹಾಳಾಗುವುದು ಪಂಪಲ್ಲ, ಅದಕ್ಕಿಂತ ದುಬಾರಿಯಾದ ಸೋಲಾರ್ ಟ್ಯಾಂಕು. ಅದರ ವಾರಂಟಿ ಪತ್ರದಲ್ಲಿ ಹೆಚ್ಚುವರಿ ಒತ್ತಡದಿಂದ ಮತ್ತು ನಿರ್ವಾತದಿಂದ ಆದ ಹಾನಿಗೆ ಹೊಣೆಯಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಎರಡನೆಯ ನಿಯಮ ಬಿಸಿ ಮತ್ತು ತಣ್ಣೀರಿನ ಸಮತೋಲಕ್ಕೆ ಸಂಬಂಧಿಸಿದ್ದು. ತಣ್ಣೀರಿನ ಲೈನಿಗೆ ಮಾತ್ರ ಪಂಪು ಹಾಕಿ ಬಿಸಿನೀರನ್ನು ಹಾಗೇ ಬಿಟ್ಟ ಮನೆಯಲ್ಲಿ ಏನಾಗುತ್ತದೆಂದು ನೋಡಬೇಕು. ಹ್ಯಾಂಡ್ ಶವರಿನ ಮಿಕ್ಸರ್ ತೆರೆದೇ ಇದೆ, ಆದರೆ ಶವರಿನ ತುದಿಯ ಗುಂಡಿ ಒತ್ತಿ ನೀರು ನಿಲ್ಲಿಸಲಾಗಿದೆ. ಆಗ ಮಿಕ್ಸರಿನೊಳಗೆ ಬಿಸಿ ಮತ್ತು ತಣ್ಣೀರಿನ ಲೈನುಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಪೈಪಿನೊಳಗೆ ನುಗ್ಗಿ, ಮೇಲೇರಿ, ಸೋಲಾರ್ ಟ್ಯಾಂಕನ್ನು ಸೇರಿ, ವೆಂಟ್ ಪೈಪಿನಿಂದ ತಾರಸಿಗೆ ಸುರಿಯುತ್ತದೆ. ಬಚ್ಚಲಿನಲ್ಲಿ ಇದರ ಸುಳಿವೇ ಸಿಗುವುದಿಲ್ಲ. ತಾರಸಿ ಒದ್ದೆ, ಬಿಸಿನೀರು ಉಗುರುಬೆಚ್ಚಗೆ, ಪಂಪು ನಿಲ್ಲದೆ ಓಡುತ್ತಿರುತ್ತದೆ. ಇದನ್ನು ತಪ್ಪಿಸಲು ಎರಡೂ ಲೈನುಗಳಿಗೆ ಸಮಾನ ಒತ್ತಡ ಕೊಡುವ ಎರಡು ಪಂಪುಗಳು ಬೇಕು ಮತ್ತು ಎರಡರಲ್ಲೂ ನೀರು ಹಿಂದಕ್ಕೆ ಹೋಗದಂತೆ ನಾನ್ ರಿಟರ್ನ್ ವಾಲ್ವ್ ಇರಬೇಕು. ಸಮತೋಲವಿಲ್ಲದಿದ್ದರೆ ಸುರಕ್ಷತೆಗೂ ಧಕ್ಕೆ. ಒಂದು ಬದಿಯ ಪಂಪು ಚಾಲೂ ಆಗಿ ನಿಂತಂತೆಲ್ಲ ಶವರಿನ ಹದ ತಪ್ಪುತ್ತದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದು; ಮಕ್ಕಳೂ ವೃದ್ಧರೂ ಇರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಗೀಸರಿನ ವಿಷಯ ಬೇರೆ. ಶೇಖರಣಾ ಗೀಸರುಗಳ ಮಾನಕ ಐಎಸ್ 2082. ಬಹುತೇಕ ಗೀಸರುಗಳ ಮೈಮೇಲೆ 6.5 ಅಥವಾ 8 ಬಾರ್ ಎಂದು ಕೆಲಸದ ಒತ್ತಡ ಬರೆದಿರುತ್ತದೆ. ಒಂದೆರಡು ಬಾರಿನ ಸಣ್ಣ ಬೂಸ್ಟರ್ ಪಂಪು ಇದಕ್ಕೆ ಹೊರೆಯಲ್ಲ. ಆದ್ದರಿಂದ ಗೀಸರಿನ ಮನೆಯಲ್ಲಿ ತಣ್ಣೀರು ಎರಡಾಗಿ ಕವಲೊಡೆಯುವ ಮುನ್ನ ಒಂದೇ ಪಂಪು ಕೂರಿಸುವುದು ಒಳ್ಳೆಯ ದಾರಿ. ಹಾಗೆ ಮಾಡಿದರೆ ಪಂಪಿಗೆ ಬಿಸಿನೀರಿನ ಸೋಂಕೇ ಇಲ್ಲ, ಎರಡೂ ಬದಿಯ ಒತ್ತಡವೂ ಸಮ. ಆದರೆ ಗೀಸರಿನ ಹಿಂದೆ ನಾನ್ ರಿಟರ್ನ್ ವಾಲ್ವ್ ಬಂದಾಗ ಕಾದ ನೀರು ಹಿಗ್ಗಲು ಹಿಂದಿದ್ದ ಜಾಗ ಮುಚ್ಚಿಹೋಗುತ್ತದೆ. 20 ಡಿಗ್ರಿಯಿಂದ 60ಕ್ಕೆ ಕಾಯುವಾಗ ನೀರು ಶೇಕಡಾ 1.5ರಷ್ಟು ಹಿಗ್ಗುತ್ತದೆ, 25 ಲೀಟರಿನ ಗೀಸರಿನಲ್ಲಿ ಇದು ಹೆಚ್ಚುಕಡಿಮೆ ಎರಡು ಲೋಟದಷ್ಟು. ಅದು ಸುರಕ್ಷತಾ ವಾಲ್ವಿನಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕುವುದನ್ನು ಸೋರಿಕೆಯೆಂದು ತಿಳಿದು ಆ ವಾಲ್ವಿಗೆ ಬಿರಡೆ ಹಾಕುವುದು ಜೀವಕ್ಕೇ ಅಪಾಯ. ಗೀಸರಿನ ವಾರಂಟಿ ಅಲ್ಲಿಗೆ ಮುಗಿಯಿತೆಂಬುದು ಆಮೇಲಿನ ಮಾತು.

ಪಂಪಿನ ಎರಡೂ ಬದಿಗೆ ಬಾಲ್ ವಾಲ್ವ್ ಮತ್ತು ಯೂನಿಯನ್ ಇದ್ದರೆ ರಿಪೇರಿಗೆ ಪೈಪು ಕತ್ತರಿಸಬೇಕಾಗಿಲ್ಲ. ಬೈಪಾಸ್ ಪೈಪು ಇದ್ದರೆ ಕರೆಂಟು ಹೋದಾಗಲೂ ಹಿಂದಿನಂತೆ ನೀರು ಇಳಿಯುತ್ತದೆ. ಅದರಲ್ಲೂ ನಾನ್ ರಿಟರ್ನ್ ವಾಲ್ವ್ ಬೇಕು, ಇಲ್ಲವಾದರೆ ಪಂಪಿನ ನೀರು ಅಲ್ಲೇ ಸುತ್ತು ಹೊಡೆಯುತ್ತದೆ. ಬಿಸಿನೀರಿಗೆ ಸಿಪಿವಿಸಿ ಪೈಪು ಬಳಸುವುದು ರೂಢಿ. ಅದರ ಬಲವೂ ಶಾಖಕ್ಕೆ ತಗ್ಗುತ್ತದೆ: ಎಸ್‌ಡಿಆರ್ 11 ವರ್ಗದ ಪೈಪು 23 ಡಿಗ್ರಿಯಲ್ಲಿ ಸುಮಾರು 28 ಬಾರ್ ತಡೆದರೆ 82 ಡಿಗ್ರಿಯಲ್ಲಿ ಸುಮಾರು 7 ಬಾರ್ ಮಾತ್ರ. ನೀರು ತುಂಬಿದ ರೋಟರಿನ ಪಂಪುಗಳನ್ನು ಶಾಫ್ಟ್ ಅಡ್ಡಕ್ಕೆ ಮಲಗುವಂತೆ ಕೂರಿಸಬೇಕು. ಶಾಫ್ಟ್ ನೆಟ್ಟಗೆ ನಿಂತರೆ ಮೇಲಿನ ಬೇರಿಂಗಿನಲ್ಲಿ ಗಾಳಿ ನಿಂತು ಅದು ಒಣಗುತ್ತದೆ. ಮೊದಲ ಸಲ ಚಾಲೂ ಮಾಡುವ ಮುನ್ನ ನೀರು ತುಂಬಿಸಿ, ಮಧ್ಯದ ಸ್ಕ್ರೂ ಸ್ವಲ್ಪ ಸಡಿಲಿಸಿ, ಗಾಳಿ ಹೋಗಿ ನೀರು ಜಿನುಗುವವರೆಗೆ ಕಾಯಬೇಕು. ಫ್ಲೋ ಸ್ವಿಚ್ಚಿನ ಪಂಪು ಚಾಲೂ ಆಗಲು ತಾನಾಗಿಯೇ ಒಂದಿಷ್ಟು ನೀರು ಹರಿಯಬೇಕು. ಶವರು ಟ್ಯಾಂಕಿನ ಮಟ್ಟಕ್ಕೇ ಇದ್ದರೆ ಅದು ಚಾಲೂ ಆಗುವುದೇ ಇಲ್ಲ. ಪ್ರೆಶರ್ ಸ್ವಿಚ್ಚಿನ ಪಂಪು ಒಂದು ನಲ್ಲಿ ತೊಟ್ಟಿಕ್ಕಿದರೂ ರಾತ್ರಿಯಿಡೀ ಹತ್ತಿ ಆರುತ್ತಿರುತ್ತದೆ. ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಟ್ಯಾಂಕಿನಲ್ಲಿ ನೀರಿಲ್ಲದಾಗ ಪಂಪು ನಿಲ್ಲಿಸುವ ವ್ಯವಸ್ಥೆ ಇವು ಯಾವುದೂ ಐಚ್ಛಿಕವಲ್ಲ.

ವಾರಂಟಿ ಪತ್ರದ ಎರಡು ಬಗೆಯ ಷರತ್ತುಗಳು

ಬೂಸ್ಟರ್ ಪಂಪುಗಳಿಗೆ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದ ವಾರಂಟಿ ಇರುತ್ತದೆ. ಸೋಲಾರ್ ಟ್ಯಾಂಕು, ಗೀಸರಿನ ಒಳಪಾತ್ರೆಗಳಿಗೆ ಅವಧಿ ಇನ್ನೂ ಹೆಚ್ಚು. ಪತ್ರ ಯಾವ ಕಂಪನಿಯದಾದರೂ ಹೊಣೆ ಇಲ್ಲವೆನ್ನುವ ಪಟ್ಟಿ ಹೆಚ್ಚುಕಡಿಮೆ ಒಂದೇ: ನಿಗದಿತ ಉಷ್ಣತೆ ಮೀರಿದ ನೀರು, ನೀರಿಲ್ಲದೆ ಓಡಿದ್ದು, ವೋಲ್ಟೇಜಿನ ಏರಿಳಿತ, ಗಡುಸು ನೀರು, ತಪ್ಪು ಅಳವಡಿಕೆ, ಅಧಿಕೃತರಲ್ಲದವರು ಬಿಚ್ಚಿದ್ದು, ವಾಣಿಜ್ಯ ಬಳಕೆ, ಬಿಲ್ಲು ಇಲ್ಲದಿರುವುದು. ಈ ಪಟ್ಟಿಯಲ್ಲಿ ಮೊದಲ ಕೆಲವು ಪಂಪಿನ ಸ್ವಭಾವಕ್ಕೆ ಸೇರಿದವು. 40 ಡಿಗ್ರಿಯ ಪಂಪಿಗೆ 75 ಡಿಗ್ರಿಯ ನೀರು ಹಾಯಿಸಿ ಸೀಲು ಹೋದರೆ ಅದು ತಯಾರಿಕೆಯ ದೋಷವಲ್ಲ. ನೀರಿಲ್ಲದೆ ಓಡಿದ ಸೀಲಿನ ಮೇಲೆ ಸುಟ್ಟ ಗೆರೆಗಳು, ಕರಗಿದ ಇಂಪೆಲ್ಲರು ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿದ ತಕ್ಷಣ ಕಾಣುತ್ತವೆ. ಗಡುಸು ನೀರಿನ ಮಾತಿಗೂ ಆಧಾರವಿದೆ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರಬೇಕು, ಬೇರೆ ಮೂಲವಿಲ್ಲದಾಗ 600ರವರೆಗೆ ಒಪ್ಪಬಹುದು. ಕುಡಿಯಲು ಒಪ್ಪುವ ನೀರೇ ಕಾಯಿಸಿದಾಗ ಸುಣ್ಣ ಬಿಡಬಹುದು. ಇವು ಮೊದಲ ಬಗೆಯ ಷರತ್ತುಗಳು. ಇವುಗಳ ವಿರುದ್ಧ ವಾದಿಸಿ ಪ್ರಯೋಜನವಿಲ್ಲ, ಕೂರಿಸುವಾಗಲೇ ಪಾಲಿಸಬೇಕು.

ಎರಡನೆಯ ಬಗೆಯವು ಹಾಗಲ್ಲ. ಹದಿನೈದು ದಿನದೊಳಗೆ ವಾರಂಟಿ ಕಾರ್ಡ್ ನೋಂದಾಯಿಸದಿದ್ದರೆ ಹಕ್ಕಿಲ್ಲ, ಕಂಪನಿಯ ಮನುಷ್ಯನೇ ಕೂರಿಸಿರಬೇಕು, ದೋಷವಿದೆಯೇ ಎಂಬುದರಲ್ಲಿ ಕಂಪನಿಯ ಮಾತೇ ಅಂತಿಮ, ಸಾಗಣೆಯ ಖರ್ಚು ಗ್ರಾಹಕರದು ಎಂಬಂಥ ಸಾಲುಗಳಿಗೂ ಬೇರಿಂಗ್ ಸವೆದದ್ದಕ್ಕೂ ಯಾವ ಕಾರ್ಯಕಾರಣ ಸಂಬಂಧವೂ ಇಲ್ಲ. ನುರಿತ ಪ್ಲಂಬರ್ ಕೈಪಿಡಿಯಂತೆ ಕೂರಿಸಿದ ಪಂಪಿನ ವೈಂಡಿಂಗ್ ಮೂರೇ ತಿಂಗಳಿಗೆ ಸುಟ್ಟರೆ, ಕೂರಿಸಿದವರು ಯಾರು ಎಂಬುದು ಉತ್ತರವಾಗದು. ಕೂರಿಸಿದ ರೀತಿಯಲ್ಲಿ ಯಾವ ತಪ್ಪು ಈ ಹಾನಿಗೆ ಕಾರಣವಾಯಿತು ಎಂದು ಕಂಪನಿ ತೋರಿಸಬೇಕು. ಅಮೆರಿಕದಲ್ಲಿ 1975ರ ಮ್ಯಾಗ್ನಸನ್ ಮಾಸ್ ವಾರಂಟಿ ಕಾಯಿದೆ, ಕಂಪನಿಯ ಹೆಸರಿನ ಬಿಡಿಭಾಗ ಅಥವಾ ಸೇವೆಯನ್ನೇ ಹಣ ಕೊಟ್ಟು ಪಡೆಯಬೇಕೆಂದು ವಾರಂಟಿಗೆ ಷರತ್ತು ಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಯೂರೋಪಿಯನ್ ಒಕ್ಕೂಟದಲ್ಲಿ ಕಂಪನಿ ಕೊಡುವ ವಾರಂಟಿ ಏನೇ ಇರಲಿ, ಮಾರಾಟಗಾರರು ಕನಿಷ್ಠ ಎರಡು ವರ್ಷ ಹೊಣೆ ಹೊರಲೇಬೇಕು. ಭಾರತದಲ್ಲಿ ಇಷ್ಟು ನೇರವಾದ ನಿಯಮವಿಲ್ಲದಿದ್ದರೂ ಗ್ರಾಹಕರು ನಿರಾಯುಧರಲ್ಲ.

ಕಾನೂನಿನ ಆಸರೆ

1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಪ್ರಕಾರ, ಯಾವ ಉದ್ದೇಶಕ್ಕೆ ವಸ್ತು ಬೇಕೆಂದು ಕೊಳ್ಳುವವರು ತಿಳಿಸಿ ಮಾರುವವರ ತಿಳಿವಳಿಕೆಯನ್ನು ನಂಬಿದ್ದರೆ, ವಸ್ತು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕೆಂಬುದು ಬರೆಯದಿದ್ದರೂ ಇರುವ ಷರತ್ತು. ಸೋಲಾರ್ ಬಿಸಿನೀರಿಗೆ ಬೇಕು ಎಂದು ಹೇಳಿ ಕೊಂಡ ಪಂಪು 40 ಡಿಗ್ರಿಯದಾಗಿದ್ದರೆ ಆ ತಪ್ಪು ಅಂಗಡಿಯದು. ಹೇಳಿದ್ದಕ್ಕೆ ಸಾಕ್ಷಿಯಿರಬೇಕು ಅಷ್ಟೆ. ಬಿಲ್ಲಿನ ಮೇಲೆ ಸೋಲಾರ್ ಬಿಸಿನೀರಿನ ಲೈನಿಗೆ ಎಂದು ಬರೆಸಿಕೊಂಡ ಒಂದು ಸಾಲು ಸಾಕು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಇನ್ನೂ ಮುಂದೆ ಹೋಗಿದೆ. ಬಿಲ್ಲು ಕೊಡದಿರುವುದು ಅದರಡಿ ಅನುಚಿತ ವ್ಯಾಪಾರ ಪದ್ಧತಿ. ಸಾಕಷ್ಟು ಪರೀಕ್ಷೆಯ ಆಧಾರವಿಲ್ಲದೆ ಬಾಳಿಕೆಯ ಭರವಸೆ ಕೊಡುವುದೂ ಅಷ್ಟೆ, ಪರೀಕ್ಷೆ ನಡೆದಿದೆಯೆಂದು ತೋರಿಸುವ ಭಾರ ಭರವಸೆ ಕೊಟ್ಟವರದು. 84ನೆಯ ಕಲಮು ಬಳಕೆಯ ಸರಿಯಾದ ಸೂಚನೆ, ಎಚ್ಚರಿಕೆ ಕೊಡದಿದ್ದಾಗ ಆದ ಹಾನಿಗೆ ತಯಾರಕರನ್ನು ಹೊಣೆ ಮಾಡುತ್ತದೆ. ಬಿಸಿನೀರಿನಿಂದ ಗಾಯವಾದಂಥ ಸಂದರ್ಭಕ್ಕೆ ಇದು ಮುಖ್ಯ. ಇದೇ ಕಾಯಿದೆಯ 87ನೆಯ ಕಲಮು, ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರರ ಮೇಲೆ ಅಂಥ ಹೊಣೆ ಬರದು ಎಂದೂ ಹೇಳುತ್ತದೆ. ಕಾನೂನು ಕೂಡ ಷರತ್ತುಗಳನ್ನು ಎರಡಾಗಿ ನೋಡುತ್ತದೆ ಎಂಬುದಕ್ಕೆ ಇದು ಪುರಾವೆ.

ದೂರು ಕೊಡುವ ದಾರಿಯೂ ಸುಲಭವಾಗಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಬೇರೆ ರಾಜ್ಯದಲ್ಲಿದೆ ಎಂಬುದು ಅಡ್ಡಿಯಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ದೋಷವನ್ನು ಬರಿಗಣ್ಣಿನಿಂದ ತೀರ್ಮಾನಿಸಲು ಆಗದಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು, ಆದ್ದರಿಂದ ಕೆಟ್ಟ ಪಂಪನ್ನು ಗುಜರಿಗೆ ಹಾಕಬಾರದು. ಒಪ್ಪಂದದ ಷರತ್ತೇ ಅನ್ಯಾಯದ್ದು ಎನ್ನುವ ದೂರು ಮಾತ್ರ ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಪಿಜಿ, ಹೋಟೆಲು ನಡೆಸುವವರು ಎಚ್ಚರ ವಹಿಸಬೇಕು: ವಾಣಿಜ್ಯ ಉದ್ದೇಶಕ್ಕೆ ಕೊಂಡವರು, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರನ್ನು ಬಿಟ್ಟರೆ, ಈ ಕಾಯಿದೆಯಡಿ ಗ್ರಾಹಕರಲ್ಲ.

ಆಕ್ಷೇಪಗಳು

ಟ್ಯಾಂಕನ್ನೇ ಎತ್ತರಿಸಿದರೆ ಪಂಪೂ ಬೇಡ, ವಾರಂಟಿಯ ತಾಪತ್ರಯವೂ ಬೇಡ ಎಂಬುದು ಒಂದು ಆಕ್ಷೇಪ. ಸಾಧ್ಯವಿರುವಲ್ಲಿ ಇದೇ ಉತ್ತಮ. ಹೊಸ ಮನೆ ಕಟ್ಟುವವರು ಇದನ್ನು ನಕ್ಷೆಯ ಹಂತದಲ್ಲೇ ಯೋಚಿಸಬೇಕು. ಆದರೆ ಮೂರು ಮೀಟರ್ ಎತ್ತರಿಸಿದರೂ ಸಿಗುವುದು 0.3 ಬಾರ್, ಸಾವಿರ ಲೀಟರಿನ ಟ್ಯಾಂಕಿನ ನೀರೇ ಒಂದು ಟನ್ ತೂಗುತ್ತದೆ. ಹಳೆಯ ಕಟ್ಟಡದ ಮೇಲೆ ಅಷ್ಟು ಭಾರ ಎತ್ತರದಲ್ಲಿ ನಿಲ್ಲಿಸುವುದು ಎಂಜಿನಿಯರನ್ನು ಕೇಳದೆ ಮಾಡುವ ಕೆಲಸವಲ್ಲ. ಸಾಮಾನ್ಯ ತಣ್ಣೀರಿನ ಪಂಪನ್ನೇ ಬಿಸಿನೀರಿಗೆ ಹಾಕಿದ ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಓಡುತ್ತಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಓಡುವುದುಂಟು, ನಿಜ. ನಿತ್ಯ ಬಳಕೆಯ ಮನೆಯಲ್ಲಿ ಟ್ಯಾಂಕಿನ ನೀರು ಬಹುಪಾಲು ದಿನ ಅಷ್ಟೊಂದು ಕಾಯುವುದಿಲ್ಲ. ಆದರೆ ಪಂಪಿನ ಆಯ್ಕೆ ಬಹುಪಾಲು ದಿನಗಳನ್ನು ನೋಡಿ ಮಾಡುವಂಥದ್ದಲ್ಲ, ಅತಿ ಬಿಸಿಯ ಒಂದು ದಿನವನ್ನು ನೋಡಿ ಮಾಡುವಂಥದ್ದು. ಆ ಒಂದು ದಿನದ ಹಾನಿಗೆ ವಾರಂಟಿಯ ರಕ್ಷಣೆ ಇಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ: ಷರತ್ತುಗಳೆಲ್ಲ ತಪ್ಪಿಸಿಕೊಳ್ಳಲೆಂದೇ ಬರೆದವು, ಸಾಮಾನ್ಯ ಗ್ರಾಹಕರು ಅವನ್ನು ಪಾಲಿಸುವುದು ಅಸಾಧ್ಯ ಎಂಬುದು. ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಪೆಟ್ಟಿಗೆಯೊಳಗೆ ಮಡಿಸಿಟ್ಟ ಪತ್ರವನ್ನು ಹಣ ಕೊಟ್ಟ ಮೇಲೆಯೇ ಓದಲು ಸಿಗುವಂತೆ ಮಾಡಿರುವುದು ಸರಿಯಲ್ಲ. ಕನ್ನಡದಲ್ಲಿ, ಕೊಳ್ಳುವ ಮುನ್ನ, ಅಂಗಡಿಯ ಕಟ್ಟೆಯ ಮೇಲೇ ಷರತ್ತುಗಳು ಸಿಗಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಹಾಗೆಂದು ಎಲ್ಲ ಷರತ್ತುಗಳನ್ನೂ ಒಂದೇ ತೆಕ್ಕೆಗೆ ಹಾಕಿ ತಳ್ಳಿಬಿಟ್ಟರೆ ನಷ್ಟ ಗ್ರಾಹಕರಿಗೇ. ಉಷ್ಣತೆಯ ಮಿತಿಯನ್ನು ಪಾಲಿಸದವರು ನೋಂದಣಿಯ ಷರತ್ತು ಅನ್ಯಾಯದ್ದೆಂದು ವಾದಿಸಿದರೆ ಆ ವಾದಕ್ಕೆ ಬಲವಿರುವುದಿಲ್ಲ. ಮೊದಲ ಬಗೆಯದನ್ನು ಚಾಚೂ ತಪ್ಪದೆ ಪಾಲಿಸಿದವರಿಗೇ ಎರಡನೆಯ ಬಗೆಯದನ್ನು ಎದುರಿಸುವ ಹಕ್ಕು ಗಟ್ಟಿಯಾಗುತ್ತದೆ. ಕೆಲವು ಸಾವಿರ ರೂಪಾಯಿಯ ಪಂಪಿಗೆ ಇಷ್ಟೆಲ್ಲ ಏಕೆ ಎಂಬ ಕೊನೆಯ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ: ಪಣಕ್ಕಿರುವುದು ಪಂಪೊಂದೇ ಅಲ್ಲ. ಅದರ ಹಿಂದಿನ ಸೋಲಾರ್ ಟ್ಯಾಂಕು, ಗೋಡೆಯೊಳಗಿನ ಪೈಪು, ಶವರಿನ ಕೆಳಗೆ ನಿಲ್ಲುವವರ ಮೈಚರ್ಮ ಎಲ್ಲವೂ ಪಣಕ್ಕಿವೆ.

ಆದ್ದರಿಂದ ಬಿಸಿನೀರಿನ ಬೂಸ್ಟರ್ ಪಂಪ್ ಕೊಳ್ಳುವವರು ನಾಲ್ಕು ಕೆಲಸ ಮಾಡಬೇಕು. ಕೊಳ್ಳುವ ಮುನ್ನ ಪಂಪಿನ ಉಷ್ಣತೆಯ ಮಿತಿಯನ್ನೂ ಸೋಲಾರ್ ಅಥವಾ ಗೀಸರಿನ ಒತ್ತಡದ ಮಿತಿಯನ್ನೂ ಜೊತೆಯಲ್ಲಿಟ್ಟು ಓದಬೇಕು. ಸೋಲಾರ್ ಕಂಪನಿಗೆ ಪಂಪು ಹಾಕುವ ವಿಷಯ ಬರೆದು ತಿಳಿಸಿ ಉತ್ತರ ಪಡೆಯಬೇಕು. ಬಿಲ್ಲಿನ ಮೇಲೆ ಉದ್ದೇಶ ಬರೆಸಿ, ಕೂರಿಸಿದ ದಿನವೇ ನೇಮ್‌ಪ್ಲೇಟ್, ಸೀರಿಯಲ್ ನಂಬರ್, ವಾಲ್ವುಗಳು, ವೆಂಟ್ ಪೈಪು ಕಾಣುವಂತೆ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಕೆಟ್ಟಾಗ ತಾವೇ ಬಿಚ್ಚದೆ ಲಿಖಿತ ದೂರು ಕೊಟ್ಟು, ನಿರಾಕರಣೆಯನ್ನೂ ಕಾರಣಸಹಿತ ಲಿಖಿತದಲ್ಲೇ ಕೇಳಬೇಕು. ಈ ನಾಲ್ಕಕ್ಕೆ ತಗಲುವ ಖರ್ಚು ಅತ್ಯಲ್ಪ. ಇವನ್ನು ಬಿಟ್ಟವರ ಕೈಯಲ್ಲಿ ಎಷ್ಟು ವರ್ಷದ ವಾರಂಟಿ ಪತ್ರವಿದ್ದರೂ ಅದರಿಂದ ಪ್ರಯೋಜನವಾಗುವುದು ಕಷ್ಟ.